ಒಂದು '-ವಿ' ಸೇರಿಸಿ ಮಾವನ 640 ಕಾಗದ ಕಳೆದೆ

ವಿಂಡೋಸ್ ಮೇಲೆ ಪೇಪರ್‌ಲೆಸ್-ಎನ್‌ಜಿಎಕ್ಸ್ (ಸ್ಕ್ಯಾನ್ ಮಾಡಿದ ಕಾಗದಗಳನ್ನು ಜೋಡಿಸಿಟ್ಟು ಹುಡುಕಿ ಕೊಡುವ ತಂತ್ರಾಂಶ) ಹಾಕಲು ಹೊರಟವರಿದ್ದರೆ ಮೊದಲು ಇದನ್ನು ಓದಿ. ತಪ್ಪು ತಂತ್ರಾಂಶದ್ದಲ್ಲ, ನನ್ನದೇ. ಆದರೆ ನಾನು ಬಿದ್ದ ಗುಂಡಿ ಬಹಳ ಸುಲಭವಾಗಿ ಬೀಳುವಂಥದ್ದು.

ಮುಂಬೈಯ ಚೆಂಬೂರಿನಲ್ಲಿ ಮಾವನದೊಂದು ಸಣ್ಣ ಹೋಟೆಲ್ ಇದೆ. ಗುಮಾಸ್ತಾ ಲೈಸೆನ್ಸ್ (ಅಂಗಡಿ ನೋಂದಣಿ), ಎಫ್‌ಎಸ್‌ಎಸ್‌ಎಐ ಕಾಗದ (ಆಹಾರ ಪರವಾನಗಿ), ಪಗಡಿ ಬಾಡಿಗೆಯ (ಮುಂಗಡ ದೊಡ್ಡ ಮೊತ್ತ ಕೊಟ್ಟು ಪಡೆಯುವ ಹಳೇ ಬಾಡಿಗೆ) ರಸೀದಿ, ಲೈಟ್ ಬಿಲ್, ಊರಿನ ಜಾಗದ ಕನ್ನಡ ಪತ್ರಗಳು ಎಲ್ಲಾ ಒಂದೇ ಕಬ್ಬಿಣದ ಕಪಾಟಿನಲ್ಲಿ. ಮಳೆಗಾಲ ಬಂದರೆ ಅದಕ್ಕೆ ಬೂಷ್ಟು. ಪೇಪರ್‌ಲೆಸ್‌ಗೆ ಹಣ ಕೊಡಬೇಕಾಗಿಲ್ಲ, ಸ್ಕ್ಯಾನ್ ಮಾಡಿ ಹಾಕಿದರೆ ಒಳಗಿನ ಅಕ್ಷರವನ್ನೂ ಹುಡುಕಿ ಕೊಡುತ್ತದೆ ಅಂತ ನಾನೇ ಆಸೆ ಹುಟ್ಟಿಸಿದೆ.

ಇದು ವಿಂಡೋಸ್ ಮೇಲೆ ನೇರವಾಗಿ ಓಡುವುದಿಲ್ಲ. ಡಾಕರ್ (ತಂತ್ರಾಂಶವನ್ನು ಪ್ರತ್ಯೇಕ ಡಬ್ಬಿಯೊಳಗೆ ಓಡಿಸುವ ವ್ಯವಸ್ಥೆ) ಬೇಕು, ಡಾಕರ್‌ಗೆ ಸಾಮಾನ್ಯವಾಗಿ ಡಬ್ಲ್ಯೂಎಸ್‌ಎಲ್ 2 (ವಿಂಡೋಸ್ ಒಳಗೇ ಲಿನಕ್ಸ್ ಓಡಿಸುವುದು) ಬೇಕು, ಅದಕ್ಕೆ ಬಯೋಸ್‌ನಲ್ಲಿ (ಕಂಪ್ಯೂಟರಿನ ಮೂಲ ಸೆಟ್ಟಿಂಗ್) ವರ್ಚುವಲೈಸೇಶನ್ ಆನ್ ಇರಬೇಕು. ಹೋಟೆಲಿನದು 8 ಜಿಬಿಯ ಹಳೇ ಲ್ಯಾಪ್‌ಟಾಪ್. ಡಬ್ಲ್ಯೂಎಸ್‌ಎಲ್ ಸುಮ್ನೆ ಬಿಟ್ಟರೆ ಅರ್ಧ ಮೆಮೊರಿಯವರೆಗೂ ನುಂಗುತ್ತದೆ, ಬಿಲ್ಲಿಂಗ್ ನಿಂತೇ ಹೋಯಿತು. ಮಿತಿ ಹಾಕಲು ಡಾಟ್ ಡಬ್ಲ್ಯೂಎಸ್‌ಎಲ್‌ಕಾನ್ಫಿಗ್ ಫೈಲ್ ಬರೆದೆ. ನೋಟ್‌ಪ್ಯಾಡ್ ಅದರ ಹೆಸರಿನ ಹಿಂದೆ ಗುಟ್ಟಾಗಿ ಡಾಟ್ ಟಿಎಕ್ಸ್‌ಟಿ ಅಂಟಿಸಿತ್ತು. ಅದನ್ನು ಕಂಡುಹಿಡಿಯಲು ಒಂದು ಭಾನುವಾರ ಹೋಯಿತು.

ಆಮೇಲೆ ಕನ್ಸ್ಯೂಮ್ ಫೋಲ್ಡರ್. ಸ್ಕ್ಯಾನ್ ಹಾಕಿದರೆ ತಾನೇ ಎತ್ತಿಕೊಳ್ಳಬೇಕು, ಆದರೆ ವಿಂಡೋಸ್ ಕಡೆಯ ಫೋಲ್ಡರಿಗೆ ಹೊಸ ಫೈಲ್ ಬಂದ ಸುದ್ದಿ ಒಳಗಿನ ಲಿನಕ್ಸ್‌ಗೆ ಮುಟ್ಟುವುದೇ ಇಲ್ಲ. ಪೋಲಿಂಗ್ (ಆಗಾಗ ತಾನೇ ಫೋಲ್ಡರ್ ಇಣುಕಿ ನೋಡುವುದು) ಆನ್ ಮಾಡಿದ ಮೇಲೆ ಓಡಿತು. ಇಲ್ಲೊಂದು ಮಾತು ಚೆನ್ನಾಗಿ ಗಮನಿಸಿ: ಒಳಗೆ ತೆಗೆದುಕೊಂಡ ಮೇಲೆ ಅದು ಆ ಫೋಲ್ಡರಿನಿಂದ ಫೈಲನ್ನು ಅಳಿಸುತ್ತದೆ. ಅಂದರೆ ನಿಮ್ಮ ಸ್ಕ್ಯಾನ್ ಇನ್ನು ಇರುವುದು ಡಾಕರ್ ವಾಲ್ಯೂಮ್ (ಡಾಕರ್ ತನ್ನ ಡೇಟಾ ಇಡುವ ಜಾಗ) ಒಳಗೆ ಮಾತ್ರ. ಫೋಲ್ಡರ್ ಖಾಲಿಯಾದದ್ದು ನೋಡಿ ನಾನು ಖುಷಿಪಟ್ಟಿದ್ದೆ!

ಮೂರು ವಾರದಲ್ಲಿ 640 ಕಾಗದ ಹಾಕಿದೆ. ಆಮೇಲೆ 'ಜಾಗ' ಅಂತ ಹುಡುಕಿದರೆ ಏನೂ ಇಲ್ಲ. ಕನ್ನಡ ಪತ್ರಗಳನ್ನೆಲ್ಲ ಇಂಗ್ಲಿಷ್ ಅಂದುಕೊಂಡು ಓದಿ ಗೊಜ್ಜು ಮಾಡಿಟ್ಟಿತ್ತು. ಭಾಷೆಗೆ ಎರಡು ಸೆಟ್ಟಿಂಗ್ ಇವೆ, ಹೆಸರು ಹೆಚ್ಚುಕಡಿಮೆ ಒಂದೇ: ಲ್ಯಾಂಗ್ವೇಜಸ್ ಅನ್ನುವುದು ಭಾಷೆಯನ್ನು ಇನ್‌ಸ್ಟಾಲ್ ಮಾಡುತ್ತದೆ, ಲ್ಯಾಂಗ್ವೇಜ್ ಅನ್ನುವುದು ಬಳಸುತ್ತದೆ. ನಾನು ಎರಡನೆಯದನ್ನು ಮಾತ್ರ ಬದಲಾಯಿಸಿದೆ. ಕನ್ನಡ ಇನ್‌ಸ್ಟಾಲ್ ಆಗಿಲ್ಲ ಅಂತ ಅದು ಏಳಲೇ ಇಲ್ಲ.

ರಾತ್ರಿ ಹನ್ನೊಂದೂವರೆ. ಮಾವ ಪಕ್ಕದಲ್ಲೇ ಗಲ್ಲಾ ಎಣಿಸುತ್ತಿದ್ದರು. ಎಲ್ಲೋ ನೋಡಿದ ಸಲಹೆ ನಂಬಿ, ಎಲ್ಲಾ ಇಳಿಸಿ ಹೊಸದಾಗಿ ಏರಿಸೋಣ ಅಂತ 'ಡಾಕರ್ ಕಂಪೋಸ್ ಡೌನ್ -ವಿ' ಹೊಡೆದೆ. ಆ '-ವಿ' ಅಂದರೆ ವಾಲ್ಯೂಮ್‌ಗಳನ್ನೂ ಅಳಿಸು ಅಂತ. ಮತ್ತೆ ತೆರೆದಾಗ ಹೊಸ ಬಳಕೆದಾರನ ಹೆಸರು ಕೇಳಿತು, ದಾಖಲೆ ಸೊನ್ನೆ. ರಿಸೈಕಲ್ ಬಿನ್‌ನಲ್ಲಿ ಹುಡುಕಿದೆ ಅಂದರೆ ನನ್ನ ಅವಸ್ಥೆ ಊಹಿಸಿ.

"ಎಂತ ಮಾರಾಯ, ಬಂತಾ?" ಅಂದರು ಮಾವ.

ಪುಣ್ಯಕ್ಕೆ ಮೂಲ ಕಾಗದಗಳಿವೆ. ಮಾವ ಅವನ್ನು ರದ್ದಿಗೆ ಹಾಕಲು ಕಟ್ಟಿಟ್ಟಿದ್ದರು, ಅತ್ತೆಯೇ ಬಿಡಲಿಲ್ಲ.

ನೀವು ಹಾಕುವುದಾದರೆ ಮೊದಲು ಹತ್ತೇ ಕಾಗದ ಹಾಕಿ, ಕನ್ನಡದಲ್ಲಿ ಹುಡುಕಿ ನೋಡಿ. ಸ್ಕ್ಯಾನಿನ ಒಂದು ಪ್ರತಿ ಬೇರೆ ಪೆನ್‌ಡ್ರೈವಿನಲ್ಲಿರಲಿ. ಪೇಪರ್‌ಲೆಸ್‌ನದ್ದೇ ಡಾಕ್ಯುಮೆಂಟ್ ಎಕ್ಸ್‌ಪೋರ್ಟರ್ (ದಾಖಲೆಗಳ ಪ್ರತಿ ಆಚೆ ತೆಗೆಯುವ ಸಾಧನ) ಇದೆ, ವಾರಕ್ಕೊಮ್ಮೆ ಓಡಿಸಿ, ಆಚೆ ಬಂದ ಫೈಲುಗಳನ್ನು ಒಮ್ಮೆ ತೆರೆದೂ ನೋಡಿ. ಯಾರೇ ಹೇಳಿದರೂ '-ವಿ' ಹೊಡೆಯಬೇಡಿ.

ಈಗ ಹೋಟೆಲ್ ಬಾಗಿಲು ಹಾಕಿದ ಮೇಲೆ ದಿನಾ ಒಂದು ಗಂಟೆ ಮತ್ತೆ ಸ್ಕ್ಯಾನ್ ಮಾಡುತ್ತಿದ್ದೇನೆ, 212 ಆಗಿದೆ. ಕಪಾಟಿನ ಬೀಗದಕೈ ಮಾತ್ರ ಅತ್ತೆಯ ಹತ್ತಿರ.