ಬಿಟ್ ತಿರುಗಿಸಲು ಹೋಗಿ ಜೋರು ಮಳೆ ಕಳೆದುಕೊಂಡೆ

ಸಿ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬಿಟ್ ರೊಟೇಟ್ ಮಾಡುವ (ಸಂಖ್ಯೆಯ 0, 1ಗಳನ್ನು ಸುತ್ತು ತಿರುಗಿಸುವ) ಸಾಲನ್ನು ಸೀದಾ ಇಫ್ ಎಂಬ ಷರತ್ತಿನ ಒಳಗೆ ಬರೆಯುವವರು ಇದನ್ನೊಮ್ಮೆ ಓದಿ. ನನ್ನದು ಅರ್ಧ ಮಳೆಗಾಲ ಹಾಳಾಯಿತು.

ತೀರ್ಥಹಳ್ಳಿ ಹತ್ತಿರ ಸೋದರಮಾವನ ಅಡಿಕೆ ತೋಟ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವುದು ಮಳೆ ನೋಡಿಕೊಂಡೇ ಅಲ್ವಾ? ಅದಕ್ಕೊಂದು ಮಳೆಮಾಪಕ ಮಾಡಿಕೊಟ್ಟೆ. ಒಳಗಿನ ಪುಟ್ಟ ತೊಟ್ಟಿ 0.2 ಮಿ.ಮೀ. ಮಳೆಗೆ ಒಮ್ಮೆ ಮಗುಚುತ್ತದೆ. ಗಂಟೆಗೆ ಎಷ್ಟು ಸಲ ಮಗುಚಿತು ಎಂಬುದು ಒಂದು ಬೈಟ್‌ನಲ್ಲಿ, ಅಂದರೆ 8 ಬಿಟ್‌ನಲ್ಲಿ, ಮನೆಗೆ ಬರುತ್ತದೆ. ಜೊತೆಗೆ, ತಾಳೆ ನೋಡಲು, ಅದನ್ನೇ ಎಡಕ್ಕೆ ಒಂದು ಬಿಟ್ ತಿರುಗಿಸಿದ ಇನ್ನೊಂದು ಬೈಟ್. ತಾಳೆಯಾಗದಿದ್ದರೆ ಬಿಸಾಡುವುದು.

ಏಪ್ರಿಲ್‌ನಲ್ಲಿ ಚೊಂಬಿನಿಂದ ನೀರು ಸುರಿದು ಟೆಸ್ಟ್ ಮಾಡಿದೆ. ಎಲ್ಲ ಸರಿ ಇತ್ತು. ಜುಲೈನಲ್ಲಿ ಮಾವನ ಫೋನ್: "ಏನು ಮಾರಾಯಾ, ರಾತ್ರಿ ಇಡೀ ಹೆಂಚು ಒಡೆಯೋ ಹಾಗೆ ಹೊಯ್ದಿದೆ, ನಿನ್ನ ಮಿಷನ್ನು ಜಿಟಿಜಿಟಿ ಮಳೆ ಅಂತಿದೆಯಲ್ಲ?" ವೈರ್ ನೆನೆದಿರಬೇಕು ಎಂದುಕೊಂಡು ಶಿವಮೊಗ್ಗದಿಂದ ಎರಡು ಸಲ ಹೋಗಿ ಬದಲಾಯಿಸಿದೆ. ಸುಮ್ನೆ ಉಂಬಳ ಕಚ್ಚಿಸಿಕೊಂಡಿದ್ದಷ್ಟೇ ಬಂತು.

ತಪ್ಪು ಕೋಡಿನಲ್ಲಿತ್ತು. 129 ತೆಗೆದುಕೊಳ್ಳಿ: 10000001. ಎಡಕ್ಕೆ ಒಂದು ತಿರುಗಿಸಿದರೆ ಎಡತುದಿಯ 1 ಹೊರಗೆ ಹೋಗಿ ಬಲಗಡೆಯಿಂದ ಒಳಗೆ ಬರಬೇಕು: 00000011, ಅಂದರೆ 3. ಎಲ್ಲರೂ ಬರೆಯುವ ಹಾಗೆ ನಾನೂ ಎಡಕ್ಕೆ 1 ಶಿಫ್ಟ್ (ಸರಿಸುವುದು), ಬಲಕ್ಕೆ 7 ಶಿಫ್ಟ್, ಎರಡನ್ನೂ ಆರ್ (OR) ಮಾಡಿ ಸೇರಿಸಿದ್ದೆ. ಬಂದದ್ದು 259! ಶಿಫ್ಟ್‌ಗೆ ಮೊದಲೇ ಸಿ ಭಾಷೆ 8 ಬಿಟ್‌ನ ಅನ್‌ಸೈನ್ಡ್ (ಮೈನಸ್ ಇಲ್ಲದ) ಸಂಖ್ಯೆಯನ್ನು ಸದ್ದಿಲ್ಲದೆ ಇಂಟ್ ಎಂಬ ಹೆಚ್ಚು ಬಿಟ್‌ನ ಪೂರ್ಣಾಂಕ ಮಾಡಿಬಿಡುತ್ತದೆ. ಅಲ್ಲಿ ಜಾಗ ಜಾಸ್ತಿ. ತುದಿಯ 1 ಬಿದ್ದುಹೋಗದೆ ಒಂಬತ್ತನೇ ಮನೆಯಲ್ಲಿ ಕೂತಿರುತ್ತದೆ, ಬಲಗಡೆಯೂ ಒಂದು ಬಂದಿರುತ್ತದೆ.

ಕಳಿಸುವ ಕಡೆ ಇದೇ ಸಾಲು ಸರಿಯಿತ್ತು. ಉತ್ತರವನ್ನು ಬೈಟ್‌ಗೆ ತುಂಬಿದಾಗ 256 ಉದುರಿ 3 ಉಳಿಯುತ್ತಿತ್ತು. ಮನೆಯ ಕಡೆ ಮಾತ್ರ ಇಫ್ ಒಳಗೇ ಹೋಲಿಸಿದ್ದೆ. 127ರವರೆಗೆ ತುದಿಯ ಬಿಟ್ ಸೊನ್ನೆ, ತೊಂದರೆ ಇಲ್ಲ. 128, ಅಂದರೆ ಗಂಟೆಗೆ 25.6 ಮಿ.ಮೀ. ಮುಟ್ಟಿತೋ, ಕಸದ ಬುಟ್ಟಿಗೆ. ಸೋನೆ ಮಳೆಯನ್ನೆಲ್ಲ ಬರೆದುಕೊಂಡು ಜೋರು ಮಳೆಯನ್ನಷ್ಟೇ ಎಸೆಯುವ ಮಳೆಮಾಪಕ!

ಹೋಲಿಸುವ ಮೊದಲು 8 ಬಿಟ್‌ಗೆ ಕಾಸ್ಟ್ ಮಾಡಿ, ಅಂದರೆ ಉತ್ತರವನ್ನು ಮತ್ತೆ 8 ಬಿಟ್‌ಗೆ ಇಳಿಸಿ. ಸಿ++20 ಇದ್ದರೆ ಅದರ ರೋಟ್‌ಎಲ್, ರಸ್ಟ್ ಭಾಷೆಯಲ್ಲಾದರೆ ರೊಟೇಟ್ ಲೆಫ್ಟ್ ಬಳಸಿ. 8 ಬಿಟ್ ಕೊಟ್ಟರೆ 8 ಬಿಟ್‌ನಲ್ಲೇ ಉತ್ತರ ಬರುತ್ತದೆ. 32 ಬಿಟ್‌ಗೆ ಕೈಯಾರೆ ಬರೆಯುವವರಿಗೆ ಇನ್ನೊಂದು ಗುಂಡಿ ಇದೆ. 0 ಸಲ ತಿರುಗಿಸು ಎಂದರೆ ಬಲಗಡೆ 32ರಲ್ಲಿ 0 ಕಳೆದು, ಪೂರ್ತಿ 32 ಶಿಫ್ಟ್ ಆಗುತ್ತದೆ, ಅದರ ಉತ್ತರ ಏನೆಂದು ಸಿ ಹೇಳುವುದೇ ಇಲ್ಲ.

ಬಿಸಾಡಿದ್ದನ್ನು ನಾನು ಲಾಗ್ ಕೂಡ ಮಾಡಿರಲಿಲ್ಲ. ಆ ಜುಲೈನ ಜೋರು ಮಳೆ ನನ್ನ ಫೈಲಿನಲ್ಲಿಲ್ಲ. ಮಾವನ ಅಡುಗೆಮನೆ ಕ್ಯಾಲೆಂಡರಿನಲ್ಲಿ, ತಾರೀಕಿನ ಚೌಕದೊಳಗೆ, ಪೆನ್ನಿನಲ್ಲಿ ಇದೆ.