ವನ್ಯಜೀವಿ ಸಂಶೋಧನೆಯ ಪರ್ಮಿಟ್: ಐದಕ್ಕೆ ಮೂರು

ವನ್ಯಜೀವಿ ಸಂರಕ್ಷಣಾ ಕಾಯ್ದೆ, 1972ರ ಅಡಿ ಸಂಶೋಧನೆಗೆ ಕೊಡುವ ಪರ್ಮಿಟ್ಟಿಗೆ ಐದರಲ್ಲಿ ಮೂರು ಅಂಕ ಕೊಡಬಹುದು. ಕಾನೂನಿಗಷ್ಟೇ ಅಂಕ ಕೊಡುವುದಾದರೆ ನಾಲ್ಕು. ಕಡತ ಸಾಗುವ ದಾರಿಗೆ ಎರಡು ಕೊಟ್ಟರೂ ಧಾರಾಳವೇ.

ಅರ್ಜಿದಾರರು ಮೊದಲು ಎಡವುವುದು ಯಾವ ಸೆಕ್ಷನ್ನಿನಡಿ ಕೇಳಬೇಕು ಎಂಬಲ್ಲಿ. ಅಭಯಾರಣ್ಯ ಅಥವಾ ರಾಷ್ಟ್ರೀಯ ಉದ್ಯಾನದೊಳಗೆ ಹೋಗಿ ನೋಡಿ, ಎಣಿಸಿ, ಫೋಟೊ ತೆಗೆದು ಬರುವುದಾದರೆ ಸೆಕ್ಷನ್ 28. ಪ್ರಾಣಿಯನ್ನು ಮುಟ್ಟುವುದಾದರೆ ಸೆಕ್ಷನ್ 12. ಕಾಯ್ದೆಯ ಪ್ರಕಾರ ಹಿಡಿಯುವುದು, ಬಲೆ ಹಾಕುವುದು, ಆಮಿಷ ಇಡುವುದು, ಹಕ್ಕಿಯ ಗೂಡು ಕದಲಿಸುವುದು ಎಲ್ಲವೂ ಬೇಟೆಯೇ. ತೆಳು ಬಲೆಯಾದ ಮಿಸ್ಟ್ ನೆಟ್‌ನಲ್ಲಿ ಹಕ್ಕಿ ಹಿಡಿದು, ಕಾಲಿಗೆ ಉಂಗುರ ತೊಡಿಸಿ, ಐದೇ ನಿಮಿಷದಲ್ಲಿ ಬಿಟ್ಟರೂ ಅದು ಬೇಟೆಯಾಗುತ್ತದೆ. ಇದನ್ನು ಕಾಡಿನೊಳಗಲ್ಲದೆ ಕಾಫಿ ತೋಟದಲ್ಲಿ ಮಾಡಿದರೂ ಸೆಕ್ಷನ್ 12 ಬಿಡುವುದಿಲ್ಲ. ನಾಗರಹೊಳೆಯೊಳಗೆ ಹಾವು ಹಿಡಿದು ತೂಗುವವರಿಗೆ ಎರಡೂ ಬೇಕು. ಅಭಯಾರಣ್ಯದ ಹೊರಗಿನ ಮೀಸಲು ಅರಣ್ಯವಾದರೆ ಕರ್ನಾಟಕ ಅರಣ್ಯ ಕಾಯ್ದೆ, 1963 ಅನ್ವಯಿಸುತ್ತದೆ. ಆ ವಿಭಾಗದ ಡಿಸಿಎಫ್ (ಉಪ ಅರಣ್ಯ ಸಂರಕ್ಷಣಾಧಿಕಾರಿ) ಅವರನ್ನು ಕೇಳಬೇಕು.

ಪರ್ಮಿಟ್ಟಿಗೆ ಸಹಿ ಹಾಕುವವರು ಮುಖ್ಯ ವನ್ಯಜೀವಿ ಪರಿಪಾಲಕರು. ಆದರೆ ಸೆಕ್ಷನ್ 12ರ ವಿಷಯದಲ್ಲಿ ಅವರ ಕೈಯೂ ಕಟ್ಟಿದೆ: ಪ್ರಾಣಿ ಶೆಡ್ಯೂಲ್ 1ರಲ್ಲಿ (ಅತಿ ಹೆಚ್ಚು ರಕ್ಷಣೆಯ ಜೀವಿಗಳ ಪಟ್ಟಿ, ಕಾಯ್ದೆಯ ಕೊನೆಯಲ್ಲಿದೆ) ಇದ್ದರೆ ಮೊದಲು ಕೇಂದ್ರ ಸರ್ಕಾರದ ಒಪ್ಪಿಗೆ ಬರಬೇಕು, ಉಳಿದವಕ್ಕೆ ರಾಜ್ಯ ಸರ್ಕಾರದ್ದು. ಒಂದೇ ಅರ್ಜಿಯಲ್ಲಿ ಎರಡೂ ಬಗೆಯ ಪ್ರಾಣಿ ಸೇರಿಸಿದರೆ ಇಡೀ ಕಡತ ದೆಹಲಿಯ ಉತ್ತರಕ್ಕೆ ಕಾಯುತ್ತ ಕೂರಬಹುದು. ಬೇರೆ ಬೇರೆ ಅರ್ಜಿ ಹಾಕುವುದು ಜಾಣತನ.

ಶೆಡ್ಯೂಲ್ ಬರೆಯುವಾಗ ಇನ್ನೊಂದು ಗುಂಡಿ ಇದೆ. 2022ರ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದು, ಆರು ಶೆಡ್ಯೂಲ್‌ಗಳು ನಾಲ್ಕಾದವು. ಈಗ ಪ್ರಾಣಿಗಳಿಗೆ 1 ಮತ್ತು 2, ಸಸ್ಯಗಳಿಗೆ 3, ಸೈಟಿಸ್ (ಅಳಿವಿನಂಚಿನ ಜೀವಿಗಳ ವ್ಯಾಪಾರ ನಿಯಂತ್ರಿಸುವ ಅಂತರರಾಷ್ಟ್ರೀಯ ಒಪ್ಪಂದ) ಪಟ್ಟಿಗೆ 4. ಸೀನಿಯರ್ ಒಬ್ಬರ ಹಳೆಯ ಅರ್ಜಿಯನ್ನು ನಕಲು ಮಾಡಿ, ನಕ್ಷತ್ರ ಆಮೆಯ ಮುಂದೆ ‘ಶೆಡ್ಯೂಲ್ 4’ ಎಂದೇ ಉಳಿಸಿದರೆ ಕಡತ ವಾಪಸು ಬರಲು ಅಷ್ಟೇ ಸಾಕು. ಆ ಆಮೆ ಈಗ ಶೆಡ್ಯೂಲ್ 1ರಲ್ಲಿದೆ. ಅದರ ದಾರಿಯೇ ಬೇರೆ.

ಅರ್ಜಿಯಲ್ಲಿ ‘ಅಗತ್ಯಕ್ಕೆ ತಕ್ಕಷ್ಟು ಮಾದರಿಗಳು’ ಎಂದು ಬರೆಯಬೇಡಿ. ಪ್ರತಿ ಜಾತಿಗೆ ಗರಿಷ್ಠ ಸಂಖ್ಯೆ, ಹಿಡಿಯುವ ವಿಧಾನ, ಹಿಡಿದಿಟ್ಟುಕೊಳ್ಳುವ ಸಮಯ, ಬಿಡುವ ಜಾಗ, ವಲಯದ ಹೆಸರು, ತಿಂಗಳುಗಳು ಎಲ್ಲವನ್ನೂ ಬಿಡಿಸಿ ಹೇಳಬೇಕು. ಅರ್ಜಿಯ ಸಂಖ್ಯೆಯೇ ಆದೇಶಕ್ಕೆ ಇಳಿಯುತ್ತದೆ: 30 ಎಂದಿದ್ದರೆ 31ನೆಯದು ಷರತ್ತಿನ ಉಲ್ಲಂಘನೆ. ಸೆಕ್ಷನ್ 51ರಲ್ಲಿ ಪರ್ಮಿಟ್ಟಿನ ಷರತ್ತು ಮುರಿಯುವುದೂ ಅಪರಾಧವೇ. ಮೂರು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. ಸಹಾಯಕರ ಹೆಸರು, ವಾಹನದ ನಂಬರನ್ನೂ ಅರ್ಜಿಯಲ್ಲೇ ಸೇರಿಸಿ. ಚೆಕ್‌ಪೋಸ್ಟಿನ ಗಾರ್ಡ್ ನೋಡುವುದು ಅದನ್ನೇ, ನಿಮ್ಮ ಪ್ರಬಂಧದ ಶೀರ್ಷಿಕೆಯನ್ನಲ್ಲ.

ಹೆಚ್ಚಿನವರು ಮರೆಯುವುದು ಸಾಗಣೆ. ರಕ್ತ, ಗರಿ, ಅಂಗಾಂಶವನ್ನು ಕಾಡಿನಿಂದ ಪ್ರಯೋಗಾಲಯಕ್ಕೆ ಒಯ್ಯಲು ಅನುಮತಿ ಇದೆಯೇ ಎಂದು ಸಾಗಿಸುವವರು ವಿಚಾರಿಸಿಕೊಳ್ಳಬೇಕೆಂದು ಸೆಕ್ಷನ್ 48ಎ ಹೇಳುತ್ತದೆ. ಆದೇಶದಲ್ಲಿ ಆ ಸಾಲಿಲ್ಲದಿದ್ದರೆ ಕೊರಿಯರ್‌ನವರು ಡಬ್ಬಿ ಮುಟ್ಟಬಾರದು. ಮಾದರಿ ಎಲ್ಲಿಂದ ಎಲ್ಲಿಗೆ, ಯಾವ ರೂಪದಲ್ಲಿ ಹೋಗುತ್ತದೆ ಎಂಬುದನ್ನು ಮೊದಲೇ ಕೇಳಿ ಬರೆಸಿಕೊಳ್ಳಿ. ಪ್ರಾಣಿಯ ಓಡಾಟ ತಿಳಿಯಲು ಅದರ ಕೊರಳಿಗೆ ರೇಡಿಯೊ ಕಾಲರ್ ಹಾಕುವುದಿದ್ದರೆ ತರಂಗಾಂತರಕ್ಕೆ ದೂರಸಂಪರ್ಕ ಇಲಾಖೆಯ ಅನುಮತಿ ಬೇರೆ. ತಂಡದಲ್ಲಿ ವಿದೇಶಿಯರಿದ್ದರೆ ಚೆನ್ನೈನ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದ ಬಾಗಿಲನ್ನೂ ತಟ್ಟಬೇಕಾಗುತ್ತದೆ.

ಇಷ್ಟಾದರೂ ಈ ವ್ಯವಸ್ಥೆಯನ್ನು ಬರೀ ತಡೆಗೋಡೆ ಎನ್ನಲಾಗದು. ಜೀವರಕ್ಷಕ ಔಷಧಕ್ಕಾಗಿ ಹಾವಿನ ವಿಷ ತೆಗೆಯಲು ಅವಕಾಶ ಕೊಡುವುದೂ ಇದೇ ಸೆಕ್ಷನ್ 12. ತಮಿಳುನಾಡಿನಲ್ಲಿ 1978ರಲ್ಲಿ ಶುರುವಾದ ಹಾವು ಹಿಡಿಯುವುದರಲ್ಲಿ ನುರಿತ ಇರುಳ ಬುಡಕಟ್ಟಿನವರ ಸಹಕಾರ ಸಂಘ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲಗಳನ್ನು ಸರ್ಕಾರ ಗೊತ್ತುಮಾಡಿದ ಸಂಖ್ಯೆಯಲ್ಲಿ ಹಿಡಿದು, ಕೆಲವು ವಾರ ಇಟ್ಟುಕೊಂಡು ವಿಷ ತೆಗೆದು, ಮರಳಿ ಕಾಡಿಗೆ ಬಿಡುತ್ತದೆ. ನಮ್ಮ ಆಸ್ಪತ್ರೆಗಳ ಪ್ರತಿವಿಷದ ಹಿಂದೆ ಇಂಥ ಪರ್ಮಿಟ್ಟುಗಳಿವೆ. ಸಂಖ್ಯೆ, ಅವಧಿ, ಬಿಡುಗಡೆ ಮೂರೂ ಸ್ಪಷ್ಟವಾಗಿದ್ದಾಗ ಕಾನೂನು ಹೇಗೆ ಕೆಲಸ ಮಾಡುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಮೂನೆ ಸಿಗದು.

ನವೀಕರಣಕ್ಕೆ ಅವಧಿ ಮುಗಿಯುವವರೆಗೆ ಕಾಯಬೇಡಿ. ಹಿಂದಿನ ಅವಧಿಯಲ್ಲಿ ಹಿಡಿದದ್ದೆಷ್ಟು, ಬಿಟ್ಟದ್ದೆಷ್ಟು, ಸತ್ತದ್ದೆಷ್ಟು ಎಂಬ ಲೆಕ್ಕವನ್ನು ವರದಿಯ ಮೊದಲ ಪುಟದಲ್ಲೇ ಹಾಕಿ, ಅದರ ಪ್ರತಿಯನ್ನು ವಲಯ ಕಚೇರಿಗೂ ಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ.