ಬೊಟಾಕ್ಸ್ ಮತ್ತು ಫಿಲ್ಲರ್: ಎರಡೂ ಹಾಕಿಸಿಕೊಂಡ ಮೇಲೆ ದಾವಣಗೆರೆಯಿಂದ

ಮೊದಲು ತಕರಾರು. ಬೊಟಾಕ್ಸ್ ಅಂದರೆ ಮುಖದ ಸ್ನಾಯು ಸಡಿಲಿಸಿ ಗೆರೆ ತಗ್ಗಿಸೋ ಚುಚ್ಚುಮದ್ದು. ನಾನು ಹೋಗುವ ಕ್ಲಿನಿಕ್‌ನಲ್ಲಿ ಅದರ ರೇಟು ಕೇಳಿದರೆ "ಒಂದು ಏರಿಯಾಕ್ಕೆ ಇಷ್ಟಾಗುತ್ತೆ ಮೇಡಂ" ಅಂತಾರೆ. ಹಣೆ ಒಂದು ಏರಿಯಾ, ಹುಬ್ಬಿನ ನಡು ಒಂದು, ಕಣ್ಣಂಚು ಒಂದು. ಒಳಗೆ ಔಷಧ ಎಷ್ಟು ಹೋಯಿತು ಅನ್ನೋದು ಬಿಲ್ಲಿನಲ್ಲಿ ಇರಲ್ಲ. ಅಡಿಕೆ, ಮೆಕ್ಕೆಜೋಳ ಎಲ್ಲ ತೂಕ ಹಾಕಿಯೇ ಮಾರೋ ಊರಿದು, ಇಲ್ಲಿ ಮಾತ್ರ ಕಣ್ಣಳತೆ ಯಾಕೆ?

ಬೊಟಾಕ್ಸ್‌ಗೆ ಅಳತೆ ಇದೆ, ಅದರ ಹೆಸರು ಯೂನಿಟ್. ಹುಬ್ಬಿನ ನಡುವಿನ ಗಂಟಿಗೆ 20 ಯೂನಿಟ್: ಐದು ಚುಚ್ಚು, ಒಂದೊಂದಕ್ಕೆ 4. ಕಣ್ಣಂಚಿನ ಗೆರೆಗಳಿಗೆ ಒಂದು ಕಡೆ 12, ಎರಡೂ ಕಡೆ ಸೇರಿ 24. ಬಾಟಲಿಯಲ್ಲಿ ಬರೋದು ಪುಡಿ. 100 ಯೂನಿಟ್ ಬಾಟಲಿಗೆ 2.5 ಎಂಎಲ್ ಸಲೈನ್ (ಉಪ್ಪುನೀರು) ಬೆರೆಸಿದರೆ 0.1 ಎಂಎಲ್‌ನಲ್ಲಿ 4 ಯೂನಿಟ್ ಇರುತ್ತೆ. 5 ಎಂಎಲ್ ಬೆರೆಸಿ ಅಷ್ಟೇ 0.1 ಎಂಎಲ್ ಚುಚ್ಚಿದರೆ ಎರಡೇ ಯೂನಿಟ್. ಚುಚ್ಚು ಅಷ್ಟೇ, ನೋವು ಅಷ್ಟೇ, ದುಡ್ಡೂ ಅಷ್ಟೇ. ಗೆರೆ ಮಾತ್ರ ಬೇಗ ವಾಪಸ್ ಬರುತ್ತೆ. ಆದ್ದರಿಂದ ಬಾಟಲಿ ತೋರಿಸಿ ಅನ್ನಿ. ಹೆಸರು, ಎಕ್ಸ್‌ಪೈರಿ ನೋಡಿ, ಎಷ್ಟು ಸಲೈನ್ ಹಾಕಿದ್ದು, ಯಾವಾಗ ಬೆರೆಸಿದ್ದು ಕೇಳಿ. 2ರಿಂದ 8 ಡಿಗ್ರಿ ತಂಪಿನಲ್ಲೇ ಇರಬೇಕಾದ ಔಷಧ ಇದು. ಕಂಪನಿ ಚೀಟಿಯ ಪ್ರಕಾರ ಬೆರೆಸಿದ ಮೇಲೆ 24 ಗಂಟೆಯೊಳಗೆ ಮುಗಿಸಬೇಕು. ನಮ್ಮ ಏಪ್ರಿಲ್ ಬಿಸಿಲಿನಲ್ಲಿ ಈ ಪ್ರಶ್ನೆ ಕೇಳೋಕೆ ಸಂಕೋಚ ಬೇಡ.

ಇನ್ನೊಂದು ಕಡೆಯೂ ಲೆಕ್ಕ ತಪ್ಪುತ್ತೆ. ಅದೇ ಕೆಲಸ ಮಾಡೋ ಇನ್ನೊಂದು ಕಂಪನಿಯ ಔಷಧ ಡಿಸ್‌ಪೋರ್ಟ್ ಆದರೆ ಅದೇ ಹುಬ್ಬಿನ ಗಂಟಿಗೆ 50 ಯೂನಿಟ್ ಬೇಕು. ಅದರ ಯೂನಿಟ್ಟೇ ಬೇರೆ, ಇದರದ್ದೇ ಬೇರೆ. "ನಮ್ಮಲ್ಲಿ ಯೂನಿಟ್ ರೇಟು ಅರ್ಧ" ಅಂದರೆ ಖುಷಿಪಡುವ ಮೊದಲು ಯಾವ ಕಂಪನಿದು ಅಂತ ಕೇಳಿ.

ಇಷ್ಟು ಬೈದ ಮೇಲೂ ಹೇಳಲೇಬೇಕು, ಸರಿಯಾದ ಅಳತೆಯಲ್ಲಿ ಬಿದ್ದರೆ ಹುಬ್ಬಿನ ನಡುವೆ ಬೊಟಾಕ್ಸ್ ಮಾಡೋ ಕೆಲಸಕ್ಕೆ ಸಾಟಿ ಇಲ್ಲ. ಮೂರು, ನಾಲ್ಕನೇ ದಿನಕ್ಕೆ ಗಂಟಿಕ್ಕೋ ಬಲ ಕಡಿಮೆಯಾಗುತ್ತೆ, ಎರಡು ವಾರಕ್ಕೆ ಪೂರ್ತಿ ಫಲ. ಮದುವೆಗೆ ಅಂತ ಮಾಡಿಸೋರು ಮೂರು ವಾರ ಮುಂಚೆ ಹೋಗಲಿ, ಹೆಚ್ಚುಕಡಿಮೆ ಆದರೆ ಸರಿಮಾಡಿಸಲು ಸಮಯ ಇರುತ್ತೆ. ಚುಚ್ಚಿಸಿಕೊಂಡ ಮೇಲೆ ನಾಲ್ಕು ಗಂಟೆ ಮಲಗಬಾರದು, ಆ ಜಾಗ ತಿಕ್ಕಬಾರದು. ಅವತ್ತು ವ್ಯಾಯಾಮ ಬೇಡ. ಕುಂದವಾಡ ಕೆರೆ ಸುತ್ತೋದು ಮರುದಿನಕ್ಕಿರಲಿ. ಯುಗಾದಿಯ ಎಣ್ಣೆಸ್ನಾನ ಹತ್ತಿರ ಇದ್ದರೆ ಹಬ್ಬ ಮುಗಿಸಿಕೊಂಡೇ ಹೋಗಿ. ಮುಖಕ್ಕೆ ಎಣ್ಣೆ ಹಚ್ಚಿ ಉಜ್ಜಿದರೆ ಔಷಧ ಪಕ್ಕದ ಸ್ನಾಯುವಿಗೆ ಹರಡಿ ರೆಪ್ಪೆ ಜೋತುಬೀಳಬಹುದು. ಅದು ತಾನಾಗೇ ಸರಿಹೋಗುತ್ತೆ, ಆದರೆ ವಾರಗಟ್ಟಲೆ ಕಾಯಬೇಕು.

ಹಣೆಯ ಅಡ್ಡಗೆರೆಗೆ ಮಾತ್ರ ನನ್ನ ಮತ ಇಲ್ಲ. ಹುಬ್ಬನ್ನು ಮೇಲೆ ಎತ್ತಿ ಹಿಡಿಯೋದು ಹಣೆಯ ಸ್ನಾಯುವೇ. ಅದೊಂದನ್ನೇ ಸಡಿಲಿಸಿದರೆ ಹುಬ್ಬು ಕೆಳಗಿಳಿದು ಕಣ್ಣು ಭಾರ ಅನ್ನಿಸುತ್ತೆ. ರೆಪ್ಪೆಯ ಚರ್ಮ ಈಗಾಗಲೇ ಸಡಿಲವಾಗಿರೋರಿಗಂತೂ ಬೇಡವೇ ಬೇಡ.

ಮೂಗಿನಿಂದ ಬಾಯಿಯ ಅಂಚಿಗೆ ಇಳಿಯೋ ಮಡಿಕೆಗೆ ಬೊಟಾಕ್ಸ್ ಕೇಳಬೇಡಿ. ಅಲ್ಲಿ ತುಂಬಬೇಕಾದ್ದು ಹಯಲುರಾನಿಕ್ ಆಸಿಡ್ ಫಿಲ್ಲರ್, ಅಂದರೆ ಚರ್ಮದಡಿಗೆ ಚುಚ್ಚಿ ತುಂಬೋ ಜೆಲ್. ಒಂದು ಸಿರಿಂಜ್ ಅಂದರೆ 1 ಎಂಎಲ್, ಟೀ ಚಮಚದ ಐದನೇ ಒಂದು ಭಾಗ. ಅಷ್ಟಕ್ಕೆ ಅಷ್ಟು ದುಡ್ಡಾ ಅನ್ನಿಸುತ್ತೆ, ಆದರೆ ಫಲ ಕನ್ನಡಿ ಹಿಡಿದ ತಕ್ಷಣ ಕಾಣುತ್ತೆ. ಊತ ಎರಡು ಮೂರು ದಿನ, ನೀಲಿಗಟ್ಟಿದ್ದು ವಾರದೊಳಗೆ ಹೋಗುತ್ತೆ. ಸಾಮಾನ್ಯವಾಗಿ ವರ್ಷದ ಹತ್ತಿರ ಬಾಳುತ್ತೆ.

ಆದರೆ ಫಿಲ್ಲರ್‌ಗೆ ಬೆಂಗಳೂರಿಗೆ ಹೋಗಿ ಅವತ್ತೇ ರೈಲು ಹತ್ತಿ ವಾಪಸ್ ಬರೋ ಯೋಜನೆ ಬಿಟ್ಟುಬಿಡಿ. ಜೆಲ್ ರಕ್ತನಾಳದೊಳಗೆ ಹೋದರೆ ಚರ್ಮ ಬಿಳುಚುತ್ತೆ, ಆಮೇಲೆ ನೀಲಿ ಬಲೆಯ ಹಾಗೆ ಕಾಣುತ್ತೆ, ನೋವು ಏರುತ್ತಾ ಹೋಗುತ್ತೆ. ಒತ್ತಿ ಬಿಟ್ಟಾಗ ಕೆಂಪು ಬೇಗ ಮರಳಲ್ಲ. ಇದು ಕೆಲವೊಮ್ಮೆ ಗಂಟೆಗಳ ಮೇಲೂ ಗೊತ್ತಾಗುತ್ತೆ. ಆಗ ಬೇಕಾದ್ದು ಆ ಜೆಲ್ ಕರಗಿಸೋ ಹಯಲುರಾನಿಡೇಸ್, ಅದೂ ತಡವಿಲ್ಲದೆ. ಆ ಔಷಧ ಫ್ರಿಜ್‌ನಲ್ಲಿ ಇಟ್ಟಿರೋ ವೈದ್ಯರು ನಿಮ್ಮ ಮನೆಯಿಂದ ಅರ್ಧ ಗಂಟೆಯೊಳಗೆ ಇರಬೇಕು. ದೃಷ್ಟಿ ಮಂಜಾದರೆ ನೇರ ಆಸ್ಪತ್ರೆಗೆ ಓಡಬೇಕು; ಹುಬ್ಬಿನ ನಡುವೆ, ಮೂಗಿನ ಮೇಲೆ ಫಿಲ್ಲರ್ ಬೇಡ ಅನ್ನೋದೂ ಈ ಕಾರಣಕ್ಕೇ. ಜೆಜೆಎಂ, ಎಸ್‌ಎಸ್ ಎರಡು ಮೆಡಿಕಲ್ ಕಾಲೇಜು ಇರುವ ಊರು, ಚರ್ಮವೈದ್ಯರಿಗೆ ಬರವಿಲ್ಲ. ಪಾರ್ಲರ್‌ನಲ್ಲಿ ಯಾರಾದರೂ ಸಿರಿಂಜ್ ತೆಗೆದರೆ ಎದ್ದು ಬನ್ನಿ. ಹೃದಯಕ್ಕೆ ಆಸ್ಪಿರಿನ್ ತಗೊಳ್ಳೋರು ಮೊದಲೇ ಹೇಳಿ, ನೀವಾಗೇ ನಿಲ್ಲಿಸಬೇಡಿ. ಗರ್ಭಿಣಿಯರಿಗೆ, ಎದೆಹಾಲು ಕುಡಿಸೋರಿಗೆ ಎರಡೂ ಬೇಡ.

ನನ್ನ ಬಜೆಟ್ಟಿಗೆ ಒಗ್ಗಿದ್ದು ಹುಬ್ಬಿನ ನಡುವಿನ 20 ಯೂನಿಟ್, ವರ್ಷಕ್ಕೆ ಮೂರು ಸಲ. ಯೂನಿಟ್‌ಗೆ ₹300 ಹಿಡಿದರೂ ವರ್ಷಕ್ಕೆ ₹18,000. ಕಣ್ಣಂಚು ಕೈಬಿಟ್ಟಿದ್ದೇನೆ, ನಗುವಾಗ ಗೆರೆ ಬಂದರೆ ಬರಲಿ. ಅಲ್ಲಿಗೆ ಸನ್‌ಸ್ಕ್ರೀನ್: ಬೆಳಿಗ್ಗೆ ಎರಡು ಬೆರಳುದ್ದ ಹಿಂಡಿ ಮುಖ, ಕಿವಿ, ಕತ್ತಿಗೆ ಹಚ್ಚಿ, ಆಮೇಲೆ ಹೆಲ್ಮೆಟ್. ರಾತ್ರಿ ಕಡಲೆಕಾಳಿನಷ್ಟು ರೆಟಿನಾಲ್ ಕ್ರೀಮ್.

ಮೂರು ತಿಂಗಳು ತುಂಬುವ ಮೊದಲೇ "ಆಫರ್ ಇದೆ ಬನ್ನಿ" ಅಂತ ಫೋನ್ ಬಂದರೆ ಬೊಟಾಕ್ಸ್‌ಗೆ ಹೋಗಬೇಡಿ. ಪದೇ ಪದೇ ಬೇಗ ಹಾಕಿಸಿದರೆ ದೇಹವೇ ಅದಕ್ಕೆ ಪ್ರತಿಕಾಯ ಕಟ್ಟಿಕೊಳ್ಳುವ ಸಾಧ್ಯತೆ ಇದೆ, ಆಮೇಲೆ 20 ಅಲ್ಲ, 40 ಯೂನಿಟ್ ಹಾಕಿದರೂ ಫಲ ಸಿಗದಿರಬಹುದು.